ಹೃದಯಸ್ನಾಯುವಿನ ಸ್ಥಿತಿಸ್ಥಾಪಕ ಪ್ರೋಟೀನುಗಳು ಮತ್ತು ಮನೆತನದ ವಂಶಾವಳಿ: ವಿಜಯಪುರ ಪರಿಸರವನ್ನು ಕುರಿತ ಒಂದು ವಿವೇಚನೆ

ಒಂದೇ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಪ್ರಾಯದವರು ಹಠಾತ್ತನೆ ಸಾಯುವುದು ಗ್ರಾಮಸಮಾಜಕ್ಕೆ ಅಪರಿಚಿತವಾದ ಅನುಭವವಲ್ಲ. ಗಳೆ ಹೊಡೆಯುತ್ತಿದ್ದ ಗಟ್ಟಿಮುಟ್ಟಾದ ಯುವಕ ಹೊಲದಲ್ಲಿಯೇ ಕುಸಿದು ಬೀಳುವುದು, ಗರಡಿಯಲ್ಲಿ ಸಾಧನೆ ಮಾಡುತ್ತಿದ್ದ ಹುಡುಗ ಮತ್ತೆ ಏಳದಿರುವುದು, ಹೆರಿಗೆಯಾದ ಕೆಲವೇ ವಾರಗಳಲ್ಲಿ ಬಾಣಂತಿ ದಮ್ಮು ಹತ್ತಿ ತೀರಿಕೊಳ್ಳುವುದು, ಇಂತಹ ಘಟನೆಗಳನ್ನು ಜನಸಮುದಾಯ ತನ್ನದೇ ಆದ ಕಾರಣಪರಂಪರೆಯಲ್ಲಿ ಇಟ್ಟು ನೋಡುತ್ತ ಬಂದಿದೆ. ಕೆಟ್ಟ ದೃಷ್ಟಿ, ಮಾಟ, ಕುಲದೈವದ ಮುನಿಸು, ಹಿರಿಯರಿಗೆ ತಟ್ಟಿದ ಶಾಪ ಮೊದಲಾದವು ಆ ಪರಂಪರೆಗೆ ಸೇರಿದವು. ಇವುಗಳ ಜೊತೆಗೆ ಇನ್ನೊಂದು ಕಾರಣವೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಅದು ಮನೆಗೆ ಬಂದ ಸೊಸೆಯ ಕಾಲ್ಗುಣ. ಗಂಡನ ಸಾವಿಗೆ ಹೆಂಡತಿಯನ್ನು ಹೊಣೆಯಾಗಿಸುವ ಈ ನಂಬಿಕೆ ಅನೇಕ ತರುಣ ವಿಧವೆಯರ ಬದುಕನ್ನು ಹಿಂಡಿದೆ.

ಇಂತಹ ಸಾವುಗಳಲ್ಲಿ ಒಂದು ಭಾಗಕ್ಕೆ ಹೃದಯಸ್ನಾಯುವಿನ ವಂಶಪಾರಂಪರ್ಯ ರೋಗಗಳು ಕಾರಣವೆಂಬುದು ಕಳೆದ ಆರು ದಶಕಗಳ ಸಂಶೋಧನೆಯಿಂದ ಸ್ಪಷ್ಟವಾಗಿದೆ. ಸ್ನಾಯುವಿಗೆ ಹಿಗ್ಗುವ ಹಾಗೂ ಕುಗ್ಗುವ ಗುಣವನ್ನು ನೀಡುವ ಪ್ರೋಟೀನುಗಳ ಅಧ್ಯಯನ ಈ ತಿಳಿವಳಿಕೆಗೆ ತಳಹದಿಯಾಗಿದೆ. ಆದರೆ ಪ್ರಯೋಗಾಲಯದ ಶೋಧ ರೋಗಿಯ ಮನೆಯನ್ನು ತಲುಪಬೇಕಾದರೆ ವಂಶಾವಳಿಯ ಮೂಲಕವೇ ತಲುಪಬೇಕು. ವಂಶಾವಳಿಯೆಂಬುದು ಜಾನಪದ ಅಧ್ಯಯನದ ಹಳೆಯ ಸಾಮಗ್ರಿ. ಈ ಎರಡು ಕ್ಷೇತ್ರಗಳು ಸಂಧಿಸುವ ನೆಲೆಯನ್ನು ವಿಜಯಪುರ ಪರಿಸರದ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ನಾಯುವಿನ ಮೂರನೆಯ ಎಳೆ

ಹೃದಯಸ್ನಾಯುವಿನ ಪ್ರತಿ ಜೀವಕೋಶದಲ್ಲಿ ಸಾರ್ಕೋಮಿಯರ್ ಎಂಬ ಅತಿ ಸಣ್ಣ ಘಟಕಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಒಂದೊಂದರ ಉದ್ದ ಸುಮಾರು 2 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಐನೂರನೆಯ ಒಂದು ಭಾಗ. ಇದರೊಳಗೆ ಆಕ್ಟಿನ್ ಎಂಬ ತೆಳು ಎಳೆಗಳೂ ಮಯೋಸಿನ್ ಎಂಬ ದಪ್ಪ ಎಳೆಗಳೂ ಇರುತ್ತವೆ. ಮಯೋಸಿನ್ ಎಳೆಯ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು ಎಳೆದಾಗ ಘಟಕ ಕುಗ್ಗುತ್ತದೆ, ಹೃದಯ ಬಡಿಯುತ್ತದೆ. ಕುಗ್ಗಿದ ಸ್ನಾಯು ಮರಳಿ ತನ್ನ ಅಳತೆಗೆ ಬರುವುದು ಹೇಗೆ, ರಕ್ತ ತುಂಬಿಕೊಂಡಾಗ ಅತಿಯಾಗಿ ಹಿಗ್ಗಿ ಹರಿಯದಂತೆ ಅದನ್ನು ಹಿಡಿದಿಡುವುದು ಯಾವುದು ಎಂಬ ಪ್ರಶ್ನೆಗಳಿಗೆ ಈ ಎರಡೇ ಎಳೆಗಳಿಂದ ಉತ್ತರ ದೊರೆಯುವಂತಿರಲಿಲ್ಲ.

ಜಪಾನಿನ ಕೊಸ್ಕಾಕ್ ಮರುಯಾಮ 1970ರ ದಶಕದ ಮಧ್ಯಭಾಗದಲ್ಲಿ ಸ್ನಾಯುವಿನಲ್ಲಿ ಸ್ಥಿತಿಸ್ಥಾಪಕ ಗುಣವುಳ್ಳ ಒಂದು ಪ್ರೋಟೀನನ್ನು ಗುರುತಿಸಿ ಅದಕ್ಕೆ ಕನೆಕ್ಟಿನ್ ಎಂದು ಹೆಸರಿಟ್ಟರು. ಅಮೆರಿಕದಲ್ಲಿ ಕುವಾನ್ ವಾಂಗ್ ಮತ್ತು ಸಂಗಡಿಗರು 1979ರಲ್ಲಿ ವಿವರಿಸಿದ ದೈತ್ಯ ಪ್ರೋಟೀನಿಗೆ ಗ್ರೀಕ್ ಪುರಾಣದ ಟೈಟನ್ನರ ನೆನಪಿನಲ್ಲಿ ಟೈಟಿನ್ ಎಂಬ ಹೆಸರು ಬಂತು. ಎರಡೂ ಒಂದೇ ವಸ್ತುವೆಂದು ಮುಂದೆ ತಿಳಿಯಿತು. ಸೀಗ್‌ಫ್ರೀಡ್ ಲಾಬೈಟ್ ಮತ್ತು ಬರ್ನ್‌ಹಾರ್ಡ್ ಕೋಲ್ಮರರ್ 1995ರಲ್ಲಿ ಇದರ ಪೂರ್ಣ ಅನುಕ್ರಮವನ್ನು ಪ್ರಕಟಿಸಿದರು. ಮಾನವ ದೇಹದಲ್ಲಿ ಈವರೆಗೆ ತಿಳಿದಿರುವ ಅತಿ ದೊಡ್ಡ ಪ್ರೋಟೀನು ಇದೇ. ಸುಮಾರು 35,000 ಅಮೈನೋ ಆಮ್ಲಗಳ ಸರಪಳಿಯಾದ ಇದರ ಒಂದೇ ಅಣು 1 ಮೈಕ್ರೋಮೀಟರಿಗೂ ಉದ್ದವಾಗಿದ್ದು, ಸಾರ್ಕೋಮಿಯರಿನ ಅಂಚಿನಿಂದ ನಡುಗೆರೆಯವರೆಗೆ ಚಾಚಿಕೊಂಡಿರುತ್ತದೆ. ಇದರ ಜೀನು ಎರಡನೆಯ ವರ್ಣತಂತುವಿನಲ್ಲಿದೆ.

ಟೈಟಿನ್ನಿನ ಒಂದು ಭಾಗ ದಪ್ಪ ಎಳೆಗೆ ಅಂಟಿಕೊಂಡು ಅದನ್ನು ಘಟಕದ ಮಧ್ಯದಲ್ಲಿ ಸ್ಥಿರವಾಗಿ ನಿಲ್ಲಿಸುತ್ತದೆ. ಇನ್ನೊಂದು ಭಾಗ ಬಿಡಿಯಾಗಿದ್ದು ಹಿಗ್ಗಿ ಕುಗ್ಗುತ್ತದೆ. ಪಿಂಜಾರರು ಹತ್ತಿ ಹಿಂಜುವ ಬಿಲ್ಲಿನ ಹುರಿಯನ್ನು ಮೀಟಿದಾಗ ಅದು ಸರಿದು ಮತ್ತೆ ತನ್ನ ಸ್ಥಾನಕ್ಕೆ ಮರಳುವಂತೆ, ಎಳೆತಕ್ಕೆ ಒಳಗಾದ ಈ ಭಾಗವೂ ಮೊದಲಿನ ಸ್ಥಿತಿಗೆ ಮರಳುತ್ತದೆ. ಆದರೆ ಬಿಲ್ಲಿನ ಹುರಿಯ ಬಿಗುವು ಒಂದೇ ತೆರನಾದುದು, ಟೈಟಿನ್ನಿನದು ಹಾಗಲ್ಲ. ಒಂದೇ ಜೀನಿನಿಂದ ಬಿಗಿಯಾದ ಗಿಡ್ಡ ರೂಪವೂ ಸಡಿಲವಾದ ಉದ್ದ ರೂಪವೂ ಸಿದ್ಧವಾಗುತ್ತವೆ. ಇವೆರಡರ ಪ್ರಮಾಣದ ಮೇಲೆ ಹೃದಯದ ಗೋಡೆ ಎಷ್ಟು ಮೆತ್ತಗಿರಬೇಕು, ಎಷ್ಟು ಬಿರುಸಾಗಿರಬೇಕು ಎಂಬುದು ನಿರ್ಧಾರವಾಗುತ್ತದೆ.

ಟೈಟಿನ್ನಿನ ನೆರೆಯಲ್ಲಿಯೇ ಕೆಲಸ ಮಾಡುವ ಮತ್ತೊಂದು ಪ್ರೋಟೀನು ಮಯೋಸಿನ್ ಬಂಧಕ ಪ್ರೋಟೀನು-ಸಿ. ಇದರ ಜೀನು ಹನ್ನೊಂದನೆಯ ವರ್ಣತಂತುವಿನಲ್ಲಿದೆ. ಇದು ದಪ್ಪ ಎಳೆಗೆ ಪಟ್ಟಿ ಕಟ್ಟಿದಂತೆ ಕುಳಿತು ಮಯೋಸಿನ್ನಿನ ಎಳೆತ ಮಿತಿ ಮೀರದಂತೆ ನೋಡಿಕೊಳ್ಳುತ್ತದೆ. ಇಳಿಜಾರಿನಲ್ಲಿ ಬಂಡಿಯ ಗಾಲಿಗೆ ಒತ್ತುವ ಕಟ್ಟಿಗೆಯ ತಡೆಗೆ ಇದನ್ನು ಹೋಲಿಸಬಹುದು. ಭಾರತೀಯ ಕುಟುಂಬಗಳ ಮಟ್ಟಿಗೆ ಈ ಎರಡನೆಯ ಪ್ರೋಟೀನಿನ ಕಥೆ ಹೆಚ್ಚು ಮಹತ್ವದ್ದು.

ಎರಡು ಬಗೆಯ ರೋಗ

ಹೃದಯಸ್ನಾಯುವಿನ ವಂಶಪಾರಂಪರ್ಯ ರೋಗಗಳಲ್ಲಿ ಎರಡು ಮುಖ್ಯವಾದವು. ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿಯಲ್ಲಿ ಹೃದಯದ ಗೋಡೆ ಅಸಹಜವಾಗಿ ದಪ್ಪವಾಗುತ್ತದೆ. ಎಳೆತ ಹೆಚ್ಚಾಗಿ, ಸಡಿಲಗೊಳ್ಳುವ ಶಕ್ತಿ ಕುಂದುತ್ತದೆ. ಡೈಲೇಟೆಡ್ ಕಾರ್ಡಿಯೊಮಯೋಪತಿಯಲ್ಲಿ ಗೋಡೆ ತೆಳುವಾಗಿ ಹೃದಯ ಹಿಗ್ಗುತ್ತದೆ, ಬಡಿತದ ಬಲ ಇಳಿಯುತ್ತದೆ. ಮೊದಲನೆಯದು ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆಂಬ ಅಂದಾಜು ವೈದ್ಯಲೋಕದಲ್ಲಿ ರೂಢಿಯಲ್ಲಿದೆ.

ಮೊದಲನೆಯ ರೋಗದ ಆಧುನಿಕ ಚರಿತ್ರೆ ಶವಪರೀಕ್ಷೆಯ ಮೇಜಿನಿಂದ ಆರಂಭವಾಯಿತು. ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟಿಯರ್ 1958ರಲ್ಲಿ ಎಂಟು ಮಂದಿ ಕಿರಿವಯಸ್ಸಿನವರ ಹೃದಯಗಳನ್ನು ವಿವರಿಸಿದರು. ಅವರಲ್ಲಿ ಬಹುತೇಕರು ಹಠಾತ್ತನೆ ಸತ್ತವರು. ಕೆಲವೇ ವರ್ಷಗಳಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಒಂದು ದೊಡ್ಡ ಕುಟುಂಬದ ಹಲವು ತಲೆಮಾರುಗಳ ವಂಶಾವಳಿಯನ್ನು ವೈದ್ಯರು ಸಿದ್ಧಪಡಿಸಿ 1961ರಲ್ಲಿ ಪ್ರಕಟಿಸಿದರು. ಅದೇ ಕುಟುಂಬದ ಮುಂದಿನ ಪೀಳಿಗೆಗಳ ನೆರವಿನಿಂದ ಕ್ರಿಸ್ಟೀನ್ ಮತ್ತು ಜೊನಾಥನ್ ಸೈಡ್‌ಮನ್ ದಂಪತಿಯ ತಂಡ 1990ರಲ್ಲಿ ಮಯೋಸಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆಯನ್ನು ರೋಗದ ಕಾರಣವಾಗಿ ಗುರುತಿಸಿತು. ಸುಮಾರು ಮೂವತ್ತು ವರ್ಷಗಳ ಹಿಂದೆ ಬರೆದಿಟ್ಟ ವಂಶಾವಳಿ ಇಲ್ಲದಿದ್ದರೆ ಈ ಶೋಧ ಅಷ್ಟು ಬೇಗ ಸಾಧ್ಯವಾಗುತ್ತಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಎರಡನೆಯ ರೋಗದಲ್ಲಿ ಟೈಟಿನ್ನಿನ ಪಾತ್ರ ದೊಡ್ಡದು. 2002ರಲ್ಲಿ ಮೊದಲ ಸೂಚನೆಗಳು ದೊರೆತವು. 2012ರಲ್ಲಿ ಪ್ರಕಟವಾದ ವ್ಯಾಪಕ ಅಧ್ಯಯನವೊಂದು, ಕುಟುಂಬದಲ್ಲಿ ಹರಿದುಬಂದ ಡೈಲೇಟೆಡ್ ಕಾರ್ಡಿಯೊಮಯೋಪತಿಯ ಸುಮಾರು ನಾಲ್ಕನೆಯ ಒಂದು ಭಾಗದಲ್ಲಿ ಟೈಟಿನ್ ಸರಪಳಿಯನ್ನು ಅರ್ಧಕ್ಕೇ ತುಂಡರಿಸುವ ಉತ್ಪರಿವರ್ತನೆಗಳಿವೆಯೆಂದು ತೋರಿಸಿತು. ಆದರೆ ಅಂತಹುದೇ ಬದಲಾವಣೆಗಳು ಆರೋಗ್ಯವಂತರಲ್ಲಿಯೂ ಅಲ್ಪ ಪ್ರಮಾಣದಲ್ಲಿ ಕಂಡುಬಂದವು. ಟೈಟಿನ್ನಿನ ದೋಷ ಹೊತ್ತವರೆಲ್ಲ ರೋಗಿಗಳಾಗುವುದಿಲ್ಲ; ಗರ್ಭಧಾರಣೆ, ಅತಿಯಾದ ಮದ್ಯಸೇವನೆ, ಕ್ಯಾನ್ಸರ್ ಔಷಧಗಳು ಮೊದಲಾದ ಹೆಚ್ಚುವರಿ ಹೊರೆ ಬಿದ್ದಾಗ ಅಡಗಿದ್ದ ದೌರ್ಬಲ್ಯ ಹೊರಬರಬಹುದು ಎಂಬ ತಿಳಿವಳಿಕೆ ಅನಂತರದ ಅಧ್ಯಯನಗಳಿಂದ ಬೆಳೆಯಿತು.

ಇವುಗಳಲ್ಲಿ ಹೆರಿಗೆಯ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವ ಹೃದಯಸ್ನಾಯು ರೋಗವನ್ನು ಕುರಿತ ಶೋಧ ಜಾನಪದ ಅಧ್ಯಯನಕ್ಕೆ ವಿಶೇಷವಾಗಿ ಸಂಬಂಧಿಸಿದ್ದು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ರೋಗವಿದ್ದ 172 ಮಹಿಳೆಯರ ಪೈಕಿ ಶೇ. 15ರಷ್ಟು ಮಂದಿಯಲ್ಲಿ ಹೃದಯಸ್ನಾಯುವಿನ ಜೀನುಗಳ ತುಂಡರಿಕೆ ಕಂಡುಬಂತು. ಅವುಗಳಲ್ಲಿ ಮೂರನೆಯ ಎರಡು ಭಾಗ ಟೈಟಿನ್ ಜೀನಿಗೆ ಸೇರಿದ್ದವು. ಕಾಲು ಬಾವು, ಮಲಗಿದರೆ ಉಸಿರು ಕಟ್ಟುವುದು, ಎದೆ ಡವಗುಟ್ಟುವುದು ಈ ರೋಗದ ಲಕ್ಷಣಗಳು. ನಮ್ಮ ಹಳ್ಳಿಗಳಲ್ಲಿ ಬಾಣಂತಿಯ ಕಾಯಿಲೆಗಳನ್ನು ಸನ್ನಿ, ಸೋಂಕು, ಶೀತ ಎಂಬ ಹೆಸರುಗಳಲ್ಲಿ ಒಟ್ಟುಗೂಡಿಸುವುದು ರೂಢಿ. ಆ ಹೆಸರುಗಳ ಮರೆಯಲ್ಲಿ ಹೃದಯದ ಕಾಯಿಲೆ ಗುರುತು ಸಿಗದೆ ಉಳಿಯುವ ಅಪಾಯವಿದೆ.

ಇಪ್ಪತ್ತೈದು ಅಕ್ಷರಗಳ ಕೊರತೆ

ಭಾರತ ಉಪಖಂಡಕ್ಕೆ ಸಂಬಂಧಿಸಿದ ಮುಖ್ಯ ಶೋಧ ಮಯೋಸಿನ್ ಬಂಧಕ ಪ್ರೋಟೀನು-ಸಿಯ ಜೀನಿನಲ್ಲಿ ನಡೆಯಿತು. ಈ ಜೀನಿನ ಒಂದು ಭಾಗದಲ್ಲಿ 25 ಅಕ್ಷರಗಳು ಇಲ್ಲದಿರುವುದನ್ನು 2003ರಲ್ಲಿ ಭಾರತೀಯ ಕುಟುಂಬಗಳಲ್ಲಿ ಮೊದಲು ವರದಿ ಮಾಡಲಾಯಿತು. ಮಧುರೆ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡ ಪೆರುಂದುರೈ ಧಂಡಪಾಣಿ, ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಕುಮಾರಸಾಮಿ ತಂಗರಾಜ್ ಹಾಗೂ ಅನೇಕ ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಪ್ರಬಂಧ ಇದರ ವ್ಯಾಪ್ತಿಯನ್ನು ತೋರಿಸಿತು. 800 ಹೃದ್ರೋಗಿಗಳನ್ನು 699 ಆರೋಗ್ಯವಂತರೊಡನೆ ಹೋಲಿಸಿದ ಆ ಅಧ್ಯಯನ, ಉಪಖಂಡದ ಜನರಲ್ಲಿ ಸುಮಾರು ಶೇ. 4ರಷ್ಟು ಮಂದಿ ಈ ಕೊರತೆಯನ್ನು ಹೊತ್ತಿದ್ದಾರೆಂದೂ ಇದರಿಂದ ಹೃದಯ ವೈಫಲ್ಯದ ಸಂಭವ ಹೆಚ್ಚುತ್ತದೆಂದೂ ಅಭಿಪ್ರಾಯಪಟ್ಟಿತು. ಧಂಡಪಾಣಿ ಅವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಹೃದಯಸ್ನಾಯು ರೋಗಗಳ ಸಂಶೋಧನೆಯನ್ನು ಮುಂದುವರಿಸಿದ್ದರಿಂದ ಕರ್ನಾಟಕಕ್ಕೂ ಈ ಅಧ್ಯಯನ ಪರಂಪರೆಯ ನೇರ ಸಂಬಂಧ ಏರ್ಪಟ್ಟಿತು.

ಶೋಧದ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಈ ಕೊರತೆಯನ್ನು ಹೊತ್ತವರಲ್ಲಿ ಒಂದು ಸಣ್ಣ ಗುಂಪಿನಲ್ಲಿ ಅದೇ ಜೀನಿನ ಇನ್ನೊಂದು ಬದಲಾವಣೆಯೂ ಜೊತೆಗಿರುವುದನ್ನು 2018ರಲ್ಲಿ ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದವರ ಅಧ್ಯಯನ ತೋರಿಸಿತು. 2020ರಲ್ಲಿ ಪ್ರಕಟವಾದ ಮರುಪರಿಶೀಲನೆಯೊಂದು ಇನ್ನೂ ಮುಂದೆ ಹೋಗಿ, ದಪ್ಪ ಗೋಡೆಯ ರೋಗಕ್ಕೆ 25 ಅಕ್ಷರಗಳ ಕೊರತೆಯೊಂದೇ ಕಾರಣವಲ್ಲ, ಕೆಲವರಲ್ಲಿ ಅದರೊಡನೆ ಕೂಡಿಬಂದ ಮತ್ತೊಂದು ಅಪರೂಪದ ಬದಲಾವಣೆಯೇ ನಿಜವಾದ ಕಾರಣ ಎಂದು ವಾದಿಸಿತು. ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಕುಳಿತ ಎರಡು ಬದಲಾವಣೆಗಳು ಒಟ್ಟಿಗೆ ಪ್ರಯಾಣ ಮಾಡುವುದರಿಂದ, ನಿರಪರಾಧಿಯ ಮೇಲೆ ಆರೋಪ ಬೀಳುವ ಸಂಭವ ತಳಿವಿಜ್ಞಾನದಲ್ಲಿಯೂ ಉಂಟು.

ಇದರ ಸಾಮಾಜಿಕ ಅರ್ಥ ಸಣ್ಣದಲ್ಲ. ನೂರಕ್ಕೆ ನಾಲ್ವರು ಹೃದ್ರೋಗದ ಹಾದಿಯಲ್ಲಿದ್ದಾರೆ ಎಂಬ ಮಾತು ಪ್ರಚಾರವಾದರೆ ಹೆಣ್ಣು ನೋಡುವ, ಗಂಡು ಗೊತ್ತುಮಾಡುವ ಸಂದರ್ಭಗಳಲ್ಲಿ ರಕ್ತಪರೀಕ್ಷೆಯ ಕಾಗದ ಜಾತಕದ ಸ್ಥಾನವನ್ನು ಹಿಡಿಯಲು ತಡವಾಗದು. ಹೊತ್ತವರಲ್ಲಿ ಬಹುಪಾಲು ಮಂದಿ ಆರೋಗ್ಯವಾಗಿಯೇ ಬಾಳುತ್ತಾರೆ. ಆದ್ದರಿಂದ ಜೀನಿನ ವರದಿಯನ್ನು ಒಂಟಿಯಾಗಿ ಓದದೆ, ಆ ಕುಟುಂಬದಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ರೀತಿಯ ತೊಂದರೆ ಬಂದಿತ್ತು ಎಂಬ ವಿವರದ ಜೊತೆಗಿಟ್ಟು ಓದಬೇಕಾಗುತ್ತದೆ.

ಕಳ್ಳುಬಳ್ಳಿಯ ಪ್ರಶ್ನೆ

ಉತ್ತರ ಕರ್ನಾಟಕದಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವ ಪದ್ಧತಿ ಬಲವಾಗಿದೆ. ಆಸ್ತಿ ಒಡೆಯದಿರಲಿ, ಕೊಟ್ಟ ಮಗಳು ಕಣ್ಣಳತೆಯಲ್ಲಿರಲಿ, ಕಳ್ಳುಬಳ್ಳಿ ಹರಿಯದಿರಲಿ ಎಂಬುದು ಇದರ ಹಿಂದಿನ ಆಶಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ರಕ್ತಸಂಬಂಧದ ವಿವಾಹಗಳ ಪ್ರಮಾಣ ಶೇ. 27ರಷ್ಟಿತ್ತು. ಇದು ದೇಶದ ಅತಿ ಹೆಚ್ಚಿನ ಪ್ರಮಾಣಗಳಲ್ಲೊಂದು.

ಮನೆತನದಲ್ಲಿ ಹೃದ್ರೋಗ ಕಾಣಿಸಿಕೊಂಡರೆ ಈ ವಿವಾಹಗಳನ್ನೇ ಕಾರಣವೆಂದು ಹೇಳುವ ವಾಡಿಕೆ ವಿದ್ಯಾವಂತರಲ್ಲಿ ಹೆಚ್ಚು. ಇಲ್ಲಿ ಒಂದು ವಿವೇಚನೆ ಅಗತ್ಯ. ಮೇಲೆ ಹೇಳಿದ ಎರಡೂ ರೋಗಗಳು ಸಾಮಾನ್ಯವಾಗಿ ಪ್ರಬಲ ಗುಣವಾಗಿ ಹರಿಯುತ್ತವೆ. ತಂದೆ ತಾಯಿಯರಲ್ಲಿ ಒಬ್ಬರಲ್ಲಿ ದೋಷವಿದ್ದರೂ ಸಾಕು. ಪ್ರತಿ ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಸಂಬಂಧದಲ್ಲಿ ಮದುವೆಯಾಗದೆ ಹೊರಗಿನಿಂದ ಹೆಣ್ಣು ತಂದರೂ ಈ ಸಂಭವ ಕಡಿಮೆಯಾಗುವುದಿಲ್ಲ. ಸಂಬಂಧದ ವಿವಾಹದಿಂದ ಹೆಚ್ಚುವ ಅಪಾಯ ಬೇರೆಯದು. ಗಂಡ ಹೆಂಡತಿ ಇಬ್ಬರೂ ಒಂದೇ ಹಿರಿಯರಿಂದ ಒಂದೇ ದೋಷವನ್ನು ಪಡೆದಿದ್ದರೆ, ಮಗುವಿಗೆ ಅದರ ಎರಡೂ ಪ್ರತಿಗಳು ಸೇರಿ ಎಳೆವಯಸ್ಸಿನಲ್ಲಿಯೇ ತೀವ್ರ ರೂಪದ ಕಾಯಿಲೆ ಬರಬಹುದು. ಆದ್ದರಿಂದ ಪದ್ಧತಿಯನ್ನು ಸಾರಾಸಗಟಾಗಿ ಹಳಿಯುವುದಕ್ಕಿಂತ, ರೋಗವಿರುವ ಮನೆತನವನ್ನು ಗುರುತಿಸಿ ಅಲ್ಲಿ ತಿಳಿವಳಿಕೆ ನೀಡುವುದು ಹೆಚ್ಚು ಫಲಕಾರಿ.

ಪ್ರಬಲ ಗುಣದ ಈ ಲೆಕ್ಕಾಚಾರದಿಂದ ಕಾಲ್ಗುಣದ ಆರೋಪ ನೆಲೆಯಿಲ್ಲದಂತಾಗುತ್ತದೆ. ತರುಣ ಗಂಡನ ಹೃದಯದ ದೋಷ ಬಹುತೇಕ ಅವನ ತಂದೆಯಿಂದಲೋ ತಾಯಿಯಿಂದಲೋ ಬಂದುದು. ಅವನು ಹುಟ್ಟುವಾಗಲೇ ಅವನ ಜೊತೆಗಿದ್ದುದು. ಮದುವೆಯಾಗಿ ಬಂದ ಹೆಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಅವಳ ಮಕ್ಕಳಿಗೆ ಅದು ಬಂದಿರಬಹುದಾದ್ದರಿಂದ, ದೂಷಣೆಗೆ ಗುರಿಯಾದ ಆ ತಾಯಿಯೇ ತಪಾಸಣೆಯ ವಿಷಯದಲ್ಲಿ ಎಲ್ಲರಿಗಿಂತ ಮೊದಲು ಮಾಹಿತಿ ಪಡೆಯಬೇಕಾದವಳು.

ಹೆಳವರ ವಂಶಾವಳಿ: ಶಕ್ತಿ ಮತ್ತು ಮಿತಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ವಂಶಾವಳಿಯನ್ನು ಕಾಪಾಡಿಕೊಂಡು ಬಂದವರು ಹೆಳವರು. ಸುಗ್ಗಿಯ ನಂತರ ಎತ್ತಿನೊಡನೆ ಊರೂರು ಸುತ್ತಿ, ತಮ್ಮ ಪಾಲಿನ ಮನೆತನಗಳ ಮುಂದೆ ನಿಂತು ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ಹೊಗಳುವುದು, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳುವುದು, ಕಾಳು ಕಡಿ, ಬಟ್ಟೆ, ಹಣವನ್ನು ಪಡೆದು ಮುಂದೆ ಸಾಗುವುದು ಇವರ ವೃತ್ತಿಕ್ರಮ. ಮನೆತನ ಮೂಲತಃ ಯಾವ ಊರಿನದು, ಯಾವ ಕಾರಣಕ್ಕೆ ಊರು ಬಿಟ್ಟಿತು, ಅಣ್ಣತಮ್ಮಂದಿರು ಎಲ್ಲೆಲ್ಲಿ ಹಂಚಿಹೋದರು ಎಂಬ ವಿವರಗಳೂ ಇವರ ಬಾಯಿಪಾಠದಲ್ಲಿ ಹಾಗೂ ಹೊತ್ತಿಗೆಗಳಲ್ಲಿ ಸೇರಿರುತ್ತವೆ.

ತಳಿವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಸಂಪತ್ತು. ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಿಂದ ವಿಜಯಪುರ ನಗರದ ಜಲನಗರದಂತಹ ಬಡಾವಣೆಗಳಿಗೆ, ದುಡಿಮೆಗಾಗಿ ಮಹಾರಾಷ್ಟ್ರ, ಗೋವಾಗಳಿಗೆ ಚದುರುವ ಕುಟುಂಬಗಳ ಕವಲುಗಳನ್ನು ಮತ್ತೆ ಒಂದೇ ಬುಡಕ್ಕೆ ಕೂಡಿಸುವ ಕೆಲಸಕ್ಕೆ ಹೆಳವರ ದಾಖಲೆ ನೆರವಾಗಬಲ್ಲುದು. ಆಸ್ಪತ್ರೆಯಲ್ಲಿ ರೋಗಿಯೊಬ್ಬ ಹೇಳುವ ವಂಶಾವಳಿ ಸಾಮಾನ್ಯವಾಗಿ ಅಜ್ಜನ ಹೆಸರಿಗೆ ನಿಲ್ಲುತ್ತದೆ. ಹೆಳವನದು ಅದಕ್ಕೂ ಹಿಂದಕ್ಕೆ ಹೋಗುತ್ತದೆ.

ಆದರೆ ಈ ಸಂಪತ್ತಿಗೆ ಒಂದು ಮೂಲಭೂತ ಮಿತಿಯಿದೆ. ಹೆಳವರ ವಂಶಾವಳಿ ಪ್ರಧಾನವಾಗಿ ಗಂಡುಸಂತತಿಯದು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅದು ಹರಿಯುತ್ತದೆ. ಕೊಟ್ಟುಹೋದ ಹೆಣ್ಣುಮಕ್ಕಳ ಸಂತತಿ ಬೇರೆ ಮನೆತನದ ಲೆಕ್ಕಕ್ಕೆ ಸೇರುತ್ತದೆ. ಹೃದಯಸ್ನಾಯುವಿನ ಈ ಜೀನುಗಳಾದರೋ ಗಂಡು ಹೆಣ್ಣೆಂಬ ಭೇದವಿಲ್ಲದೆ ಇಬ್ಬರ ಮೂಲಕವೂ ಸಮನಾಗಿ ಹರಿಯುತ್ತವೆ. ಗಂಡುಸಂತತಿಯ ವಂಶಾವಳಿಯನ್ನು ಮಾತ್ರ ನಂಬಿದ ವೈದ್ಯನಿಗೆ ರೋಗದ ಅರ್ಧ ದಾರಿ ಕಾಣುವುದಿಲ್ಲ.

ಕಾಣದ ಆ ಅರ್ಧ ಹೆಂಗಸರ ನೆನಪಿನಲ್ಲಿದೆ. ಸಾವಿನ ಮನೆಯಲ್ಲಿ ಹಾಡಿ ಅಳುವ ಹೆಂಗಸರು ಸತ್ತವರ ಸಂಬಂಧವನ್ನು, ಗುಣವನ್ನು, ಸತ್ತ ಬಗೆಯನ್ನು ಎತ್ತಿ ಹೇಳುತ್ತಾರೆ. ಹಿಂದೆ ಹೀಗೆಯೇ ಹೋದ ಅಣ್ಣನನ್ನು, ಸೋದರಮಾವನನ್ನು ನೆನೆಯುತ್ತಾರೆ. ತವರುಮನೆಯ ಸಾವುನೋವುಗಳನ್ನು ಗಂಡನ ಮನೆಯಲ್ಲಿದ್ದುಕೊಂಡು ನೆನಪಿಟ್ಟುಕೊಳ್ಳುವವಳು ಹೆಣ್ಣುಮಗಳೇ. ಹೆಳವನ ಹೊತ್ತಿಗೆ ಮನೆತನದ ಹೆಸರುಗಳನ್ನು ಕೊಟ್ಟರೆ, ಅವ್ವ ಆಯಿಯರ ನೆನಪು ಸಾವಿನ ವಯಸ್ಸು ಮತ್ತು ಲಕ್ಷಣಗಳನ್ನು ಕೊಡುತ್ತದೆ. ಎರಡನ್ನೂ ಕೂಡಿಸಿದಾಗ ವೈದ್ಯಕೀಯಕ್ಕೆ ಬೇಕಾದ ಇಬ್ಬದಿಯ ವಂಶಾವಳಿ ಸಿದ್ಧವಾಗುತ್ತದೆ.

ಈ ಮಾಹಿತಿ ಸಂಗ್ರಹಕ್ಕೆ ಆಡುಮಾತಿನ ಪರಿಚಯವೂ ಅಗತ್ಯ. ಹೃದ್ರೋಗವಿತ್ತೇ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಬರುವುದೇ ಹೆಚ್ಚು. 'ಎದಿ ಧಸಕ್ ಅಂತಿತ್ತೇನು', 'ನಡದ್ರ ದಮ್ಮು ಹತ್ತತಿತ್ತೇನು', 'ಚಕ್ಕರ್ ಬಂದು ಬಿದ್ದಿದ್ದರೇನು', 'ಕಾಲು ಬಾತಿದ್ದುವೇನು' ಎಂದು ಕೇಳಿದಾಗ ನೆನಪುಗಳು ಬಿಚ್ಚಿಕೊಳ್ಳುತ್ತವೆ. ಕ್ಷೇತ್ರಕಾರ್ಯದ ಈ ಅನುಭವ ಜಾನಪದ ವಿದ್ವಾಂಸರಿಗೆ ಹೊಸದಲ್ಲ.

ತಪಾಸಣೆಯ ದಾರಿ

ವಿಜಯಪುರ ಜಿಲ್ಲೆ ಸೈಕ್ಲಿಂಗ್ ಪಟುಗಳ ತವರೆಂದು ಹೆಸರಾಗಿದೆ. ಕುಸ್ತಿಯ ಪರಂಪರೆಯೂ ಇಲ್ಲಿ ಜೀವಂತವಾಗಿದೆ. ತೀವ್ರ ಶ್ರಮದ ಕ್ರೀಡೆಗಳಲ್ಲಿ ತೊಡಗಿದವರ ಹೃದಯ ಸಹಜವಾಗಿಯೇ ಸ್ವಲ್ಪ ದಪ್ಪವಾಗುವುದರಿಂದ, ಅದನ್ನು ರೋಗದ ದಪ್ಪದಿಂದ ಬೇರ್ಪಡಿಸುವುದು ತಜ್ಞರ ಕೆಲಸ. ಇಟಲಿಯಲ್ಲಿ 1982ರಿಂದ ಕ್ರೀಡಾಪಟುಗಳಿಗೆ ಇಸಿಜಿ ಸಹಿತ ತಪಾಸಣೆಯನ್ನು ಕಡ್ಡಾಯಗೊಳಿಸಲಾಯಿತು. ಅಲ್ಲಿನ ವೆನೆಟೊ ಪ್ರಾಂತದಲ್ಲಿ ತರುಣ ಕ್ರೀಡಾಪಟುಗಳ ಹಠಾತ್ ಹೃದಯ ಸಾವಿನ ಪ್ರಮಾಣ ಎರಡೂವರೆ ದಶಕಗಳಲ್ಲಿ ವರ್ಷಕ್ಕೆ ಲಕ್ಷಕ್ಕೆ 3.6ರಿಂದ 0.4ಕ್ಕೆ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಮನೆಯಲ್ಲಿ ಪ್ರಾಯದ ಸಾವು ಸಂಭವಿಸಿದೆಯೇ ಎಂಬ ಒಂದು ಪ್ರಶ್ನೆಯನ್ನು ಇಸಿಜಿಯ ಜೊತೆಗೆ ಕೇಳಲು ಖರ್ಚಿಲ್ಲ.

ರೋಗ ಖಚಿತವಾದ ವ್ಯಕ್ತಿಯ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಇಸಿಜಿ ಮತ್ತು ಎಕೋ ಪರೀಕ್ಷೆಗೆ ಒಳಗಾಗಬೇಕೆಂಬುದು ಎಲ್ಲೆಡೆ ಒಪ್ಪಿತವಾದ ಕ್ರಮ. ವೈದ್ಯಕೀಯ ಮಹಾವಿದ್ಯಾಲಯಗಳಿರುವ ವಿಜಯಪುರ ನಗರದಲ್ಲಿ ಈ ಪರೀಕ್ಷೆಗಳು ಎಟುಕದವೇನಲ್ಲ. ಗುರುತಿಸಿದ ರೋಗಕ್ಕೆ ಮಾತ್ರೆಗಳಿವೆ. ಅಪಾಯ ಹೆಚ್ಚಿರುವವರಿಗೆ ಎದೆಯಲ್ಲಿ ಅಳವಡಿಸುವ ಡಿಫಿಬ್ರಿಲೇಟರ್ ಇದೆ. ಮಯೋಸಿನ್ನಿನ ಅತಿ ಎಳೆತವನ್ನೇ ತಗ್ಗಿಸುವ ಮಾವಕಾಮ್ಟೆನ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪ್ರೋಟೀನಿನ ಮೂಲ ಅಧ್ಯಯನ ಔಷಧದ ರೂಪ ಪಡೆದುದಕ್ಕೆ ಇದು ನಿದರ್ಶನ.

ಸತ್ತವರ ವಿಷಯದಲ್ಲಿಯೂ ಒಂದು ಬದಲಾವಣೆ ಆರಂಭವಾಗಿದೆ. ಹಾಸನ ಜಿಲ್ಲೆಯ ಹಠಾತ್ ಸಾವುಗಳು ಚರ್ಚೆಗೆ ಬಂದ 2025ರ ಜುಲೈನಲ್ಲಿ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ವರದಿ ಮಾಡುವ ಹಾಗೂ ಶವಪರೀಕ್ಷೆ ನಡೆಸುವ ನಿರ್ಧಾರವನ್ನು ರಾಜ್ಯ ಸರ್ಕಾರ ಪ್ರಕಟಿಸಿತು. ಹೆಣವನ್ನು ಕೊಯ್ಯಿಸಬಾರದೆಂಬ ಭಾವನೆ ಜನರಲ್ಲಿ ಆಳವಾಗಿದೆ. ಸತ್ತವನಿಗಾಗಿಯಲ್ಲ, ಉಳಿದ ಅಣ್ಣತಮ್ಮಂದಿರಿಗಾಗಿ, ಮಕ್ಕಳಿಗಾಗಿ ಈ ಪರೀಕ್ಷೆ ಎಂದು ತಿಳಿಹೇಳಿದರೆ ಒಪ್ಪಿಗೆ ದೊರೆಯುವ ಸಾಧ್ಯತೆ ಹೆಚ್ಚುತ್ತದೆ.

ಸಮಾರೋಪ

ಟೈಟಿನ್ ಹಾಗೂ ಅದರ ನೆರೆಯ ಪ್ರೋಟೀನುಗಳ ಸಂಶೋಧನೆ ಮೂರು ಸಂಗತಿಗಳನ್ನು ಸ್ಪಷ್ಟಪಡಿಸಿದೆ. ಮನೆತನದಲ್ಲಿ ಮರುಕಳಿಸುವ ಪ್ರಾಯದ ಸಾವುಗಳ ಹಿಂದೆ ಗುರುತಿಸಬಹುದಾದ ದೇಹಕಾರಣ ಇರಬಹುದು. ಜೀನಿನ ದೋಷವಿದ್ದ ಮಾತ್ರಕ್ಕೆ ರೋಗ ಅನಿವಾರ್ಯವಲ್ಲ. ದೋಷದ ಅರ್ಥ ನಿರ್ಧಾರವಾಗುವುದು ಕುಟುಂಬದ ಚರಿತ್ರೆಯ ಜೊತೆಗಿಟ್ಟು ನೋಡಿದಾಗ. ಈ ಮೂರನೆಯ ಕೆಲಸದಲ್ಲಿ ಹೆಳವರ ಹೊತ್ತಿಗೆಗೂ ಹೆಂಗಸರ ನೆನಪಿಗೂ ಸ್ಥಾನವಿದೆ. ಹೆಳವರ ಹೊಸ ತಲೆಮಾರು ಬೇರೆ ಉದ್ಯೋಗಗಳತ್ತ ಸರಿಯುತ್ತಿದೆ. ಹಾಡಿ ಅಳುವ ಪದ್ಧತಿ ಕ್ಷೀಣಿಸುತ್ತಿದೆ. ಈ ಸಾಮಗ್ರಿಯನ್ನು ಸಂಬಂಧಪಟ್ಟ ಕುಟುಂಬಗಳ ಒಪ್ಪಿಗೆಯಿಂದ, ಹೆಸರುಗಳ ಗುಟ್ಟನ್ನು ಕಾಪಾಡಿ ದಾಖಲಿಸುವುದು ಜಾನಪದ ಸಂಸ್ಥೆಗಳೂ ವೈದ್ಯಕೀಯ ಸಂಸ್ಥೆಗಳೂ ಕೂಡಿ ಮಾಡಬೇಕಾದ ಕಾರ್ಯ. ಅದು ನೆರವೇರಿದಲ್ಲಿ ಶಾಪವೆಂದು, ಕಾಲ್ಗುಣವೆಂದು ಹೆಸರು ಪಡೆದ ಸಾವುಗಳಿಗೆ ಸರಿಯಾದ ಹೆಸರು ದೊರೆತು, ಅದೇ ಮನೆಯ ಮುಂದಿನ ಮಗುವನ್ನು ಸಕಾಲದಲ್ಲಿ ಆಸ್ಪತ್ರೆಗೆ ಕರೆದೊಯ್ಯಲು ದಾರಿಯಾಗುತ್ತದೆ.